ಸನ್ಮಾನದ ದುರ್ಬೀನು

ಮಹತಿಗೆ ಒಂದು ಸಣ್ಣ ಚಿಂತೆ ಇತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು, ಅದೂ ನಲ್ಲಿ ಬಿಟ್ಟುಕೊಂಡು, ತನಗೆ ತಾನೇ ಒಪ್ಪಿಕೊಂಡಿದ್ದಳು. ಆಸ್ಟಿನ್ ಪಕ್ಕದ ರೌಂಡ್ ರಾಕಿನ ಈ ಸೋದರಮಾವನ ಮನೆಗೆ ಬಂದ ಮೇಲೆ ತಾನು ಒಂದು ಮಾತನ್ನೂ ಪೂರ್ತಿ ಮಾಡಿಲ್ಲ ಎಂಬುದೇ ಆ ಚಿಂತೆ. ಶುರು ಮಾಡಿದ್ದುಂಟು. ಆದರೆ ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅವಳು ಅಷ್ಟು ದೂರ ತಲುಪುವಷ್ಟರಲ್ಲಿ ಮಾವನವರು ತಮ್ಮದೇ ಕ್ರಿಯಾಪದ ಹಾಕಿ ವಾಕ್ಯ ಮುಗಿಸಿ, ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. "ಮಾವ, ಈ ಉಪ್ಪಿಟ್ಟು..." ಎಂದರೆ ತಟ್ಟೆಗೆ ಇನ್ನೊಂದು ಸೌಟು ಬಿದ್ದಿರುತ್ತಿತ್ತು. ಉಪ್ಪಿಟ್ಟಿಗೆ ಉಪ್ಪು ಹಾಕಿಲ್ಲ ಎಂಬ ಸತ್ಯ ಉಪ್ಪಿಟ್ಟಿನ ಜೊತೆಗೇ ಅವಳ ಹೊಟ್ಟೆ ಸೇರುತ್ತಿತ್ತು.

ಮಾಸ್ಟರ್ಸ್ ಮುಗಿಸಿ ಕೆಲಸ ಹುಡುಕುತ್ತ ಮಾವನ ಮನೆಯಲ್ಲಿರುವ ಹುಡುಗಿಗೆ ಇದೇನು ದೊಡ್ಡ ಕಷ್ಟವಲ್ಲ. ಉಪ್ಪಿಲ್ಲದ ಉಪ್ಪಿಟ್ಟಿನಿಂದ ಯಾರ ಮಾನವೂ ಹೋಗುವುದಿಲ್ಲ. ಮಾನ ಹೋಗುವ ಪ್ರಸಂಗ ಒದಗಿದ್ದು ಆ ಅಕ್ಟೋಬರಿನಲ್ಲಿ, ರಸೆಲ್ ಸಾಹೇಬರ ಮೂಲಕ.

ಮಾವ ವೆಂಕಟರಮಣ ಅವರು ಕಂಪ್ಯೂಟರ್ ಕಂಪನಿಯಲ್ಲಿ ಹಾರ್ಡ್‌ವೇರ್ ಎಂಜಿನಿಯರು. ಕಂಪನಿ, ದೇವಸ್ಥಾನ, ಇಂಡಿಯನ್ ಅಂಗಡಿ ಎಂಬ ತ್ರಿಕೋನದಾಚೆ ಟೆಕ್ಸಸ್ಸಿನಲ್ಲಿ ಏನೇನಿದೆ ಎಂದು ವಿಚಾರಿಸುವ ಚಪಲ ಅವರಿಗೆ ಇರಲಿಲ್ಲ. ರಸೆಲ್ ಅವರ ಮ್ಯಾನೇಜರು. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಮಾತು ಮಾತ್ರ ಗಿಡ್ಡ. ಒಂದು ಮಧ್ಯಾಹ್ನ ಮಾವ ಮೊಸರನ್ನದ ಡಬ್ಬಿ ಬಿಚ್ಚುತ್ತಿರುವಾಗ ಆ ರಸೆಲ್ ತಾವಾಗಿ ಬಂದು ಪಕ್ಕದಲ್ಲಿ ಕೂತು ಫೋನು ತೋರಿಸಿದರಂತೆ. ಫೋನಿನ ತುಂಬ ಜಿಂಕೆಗಳು. ಆಚೆ ಗುಡ್ಡಗಾಡಿನಲ್ಲಿ ನಾನು ಗುತ್ತಿಗೆಗೆ ಹಿಡಿದ ಜಮೀನಿದೆ. ಅಲ್ಲಿ ಮೂರು ಕಾಲಿನ ಮೇಲೆ ಒಂದು ಪೀಪಾಯಿ ನಿಲ್ಲಿಸಿದ್ದೇನೆ. ಬೆಳಿಗ್ಗೆ ಸಂಜೆ ಅದು ತಾನೇ ತಿರುಗಿ ಮುಸುಕಿನ ಜೋಳ ಚೆಲ್ಲುತ್ತದೆ. ಜಿಂಕೆಗಳು ಬಂದು ತಿನ್ನುತ್ತವೆ. ಮರಕ್ಕೆ ಕಟ್ಟಿದ ಕ್ಯಾಮೆರಾ ಫೋಟೋ ಕಳಿಸುತ್ತದೆ ಎಂದರಂತೆ. ಒಂದೊಂದಕ್ಕೂ ಹೆಸರಿಟ್ಟಿದ್ದರಂತೆ. ದೊಡ್ಡ ಕೊಂಬಿನ ಒಂದು ಗಂಡು ಜಿಂಕೆಯನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿ, ಇವನನ್ನು ಮರಿಯಾಗಿದ್ದಾಗಿನಿಂದ ನೋಡುತ್ತಿದ್ದೇನೆ, ಚೆನ್ನಾಗಿ ಬೆಳೆಯಲಿ ಎಂದು ಕಾಯುತ್ತಿದ್ದೇನೆ ಎಂದರಂತೆ.

ಮನೆಗೆ ಬಂದು ಇದನ್ನು ಹೇಳುವಾಗ ಮಾವನ ಕಣ್ಣು ಒದ್ದೆಯಾಗಿತ್ತು. "ಏನ್ ಮನುಷ್ಯ ಅಂತೀಯಾ ತುಳಸಿ. ನಾನು ಇಷ್ಟು ವರ್ಷದಲ್ಲಿ ಪಕ್ಕದ ಮನೆ ಬೆಕ್ಕಿಗೆ ಒಂದು ತೊಟ್ಟು ಹಾಲು ಹಾಕಿದವನಲ್ಲ."

ತುಳಸಿ ಅತ್ತೆ ಬೇಳೆ ಕಡೆಯುವುದನ್ನು ನಿಲ್ಲಿಸಿ ಯೋಚಿಸಿದರು. "ಹಿಂದಿನ ಜನ್ಮದಲ್ಲಿ ನಮ್ಮ ಕಡೆಯವರೇ ಇರ್ಬೇಕು ಕಣ್ರೀ" ಎಂದು ತೀರ್ಪು ಕೊಟ್ಟರು.

ಇಲ್ಲಿ ಮಾವನನ್ನು ಹಳಿಯುವುದು ಸುಲಭ. ಆದರೆ ಒಂದು ಮಾತು. ನಮ್ಮಲ್ಲಿ ಪಾರಿವಾಳಕ್ಕೆ ಕಾಳು ಚೆಲ್ಲುವವನನ್ನು, ಹಸುವಿಗೆ ಬಾಳೆಹಣ್ಣು ಕೊಡುವವನನ್ನು ಯಾಕಪ್ಪಾ ಹಾಕುತ್ತೀಯ ಎಂದು ಕೇಳುವ ಪದ್ಧತಿ ಇಲ್ಲ. ಹಾಕಿದ ಎಂದರೆ ಪುಣ್ಯವಂತ, ಮುಗಿಯಿತು. ಇಷ್ಟು ಶತಮಾನಗಳಲ್ಲಿ ಈ ಲೆಕ್ಕ ಎಲ್ಲೂ ತಪ್ಪಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ತ್ರಿನಗರ ಕನ್ನಡ ಬಳಗಕ್ಕೆ ಒಬ್ಬ ಸಜ್ಜನ ಬೇಕಾಗಿದ್ದ. ಡಾಲಸ್, ಹೂಸ್ಟನ್, ಆಸ್ಟಿನ್ ಮೂರು ಊರಿನವರೂ ಸೇರಿ ಕಟ್ಟಿದ ಬಳಗ ಅದು. ಮೂವರೂ ಒಪ್ಪಿದ ಸಂಗತಿ ಇವತ್ತಿನವರೆಗೆ ಅದರ ಹೆಸರೊಂದೇ. ಪ್ರತಿ ನವೆಂಬರಿನ ರಾಜ್ಯೋತ್ಸವದಲ್ಲಿ ಈ ನೆಲದ ಒಬ್ಬ ಸಜ್ಜನನಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡುವುದು ವಾಡಿಕೆ. ಹೋದ ವರ್ಷ ಹೂಸ್ಟನ್ನಿನ ದಂತವೈದ್ಯರೊಬ್ಬರಿಗೆ ಆಗಿತ್ತು. ಈ ಸಲ ಆಸ್ಟಿನ್ ಕಡೆಯವರ ಸರದಿ. ತಮ್ಮ ಮ್ಯಾನೇಜರಿಗೆ ಪೇಟ ತೊಡಿಸಿ, ಪಕ್ಕದಲ್ಲಿ ತಾವು ನಿಂತು, ಆ ಫೋಟೋ ಆಫೀಸಿನಲ್ಲೂ ಮೈಸೂರಿನಲ್ಲೂ ಓಡಾಡುವುದು ಮಾವನ ಕಣ್ಣಿಗೆ ಕಟ್ಟಿತು. ಅವರು ರಸೆಲ್ಲರ ಹೆಸರು ಸೂಚಿಸಿದರು. ಬಳಗದ ಅಧ್ಯಕ್ಷರಾದ, ಡಾಲಸ್ ಪಕ್ಕದ ಪ್ರಾಸ್ಪರಿನ ಶ್ರೀಕಂಠಯ್ಯನವರು 'ಮೃಗಬಂಧು' ಎಂಬ ಬಿರುದನ್ನು ಸ್ಥಳದಲ್ಲೇ ಹೊಸೆದರು. ಕಾರ್ಯದರ್ಶಿಯಾದ, ಡಾಲಸ್ಸಿನ ಇನ್ನೊಂದು ಬದಿಯ ಕಾಪೆಲ್‌ನ ನಾಗಮಣಿ ಆಂಟಿ ಅನುಮೋದಿಸಿದರು. ಹೂಸ್ಟನ್ನಿನವರು, ನಮ್ಮ ಕಡೆ ಏನು ಜಿಂಕೆ ಇಲ್ಲವೇ ಎಂದು ಗೊಣಗಿ ಸಹಿ ಹಾಕಿದರು.

ಶಾಲು, ಪೇಟದ ಜೊತೆಗೆ ಒಂದು ಉಡುಗೊರೆಯೂ ಇರಬೇಕಲ್ಲ. ಮಾವ ಉಪಾಯವಾಗಿ ರಸೆಲ್ಲರನ್ನು ವಿಚಾರಿಸಿದರು. ತಮ್ಮ ದುರ್ಬೀನು ಹಳೆಯದಾಗಿದೆ, ಸ್ವರೋವ್ಸ್ಕಿ ಕೊಳ್ಳಲೋ, ಜೈಸ್ ಕೊಳ್ಳಲೋ, ಲೈಕಾ ಕೊಳ್ಳಲೋ ಎಂದು ವರ್ಷಗಳಿಂದ ತೀರ್ಮಾನವಾಗಿಲ್ಲ ಎಂದು ರಸೆಲ್ ನಿಟ್ಟುಸಿರು ಬಿಟ್ಟರಂತೆ. ಅಷ್ಟೇ ಸಾಕಾಯಿತು. ಬಳಗ ದುರ್ಬೀನು ಆಯ್ಕೆ ಉಪಸಮಿತಿಯೊಂದನ್ನು ನೇಮಿಸಿತು. ಉಪಸಮಿತಿ ನೇಮಕವಾದ ದಿನವೇ ಮೂರಾಗಿ ಒಡೆಯಿತು.

ನಾಗಮಣಿ ಆಂಟಿಯವರದು ಸ್ವರೋವ್ಸ್ಕಿ ಪಕ್ಷ. ಮಗಳ ಗ್ರಾಜುಯೇಷನ್ನಿಗೆ ಹಾಕಿಕೊಂಡ ಆ ಹೆಸರಿನ ಓಲೆಗಳ ಹೊಳಪು ಇವತ್ತಿಗೂ ಮಂಕಾಗಿಲ್ಲ ಎಂಬುದು ಅವರ ವಾದ. ಶ್ರೀಕಂಠಯ್ಯನವರದು ಜೈಸ್; ಅವರ ಕನ್ನಡಕದ ಗಾಜು ಅದೇ, ಮತ್ತು ಆ ಗಾಜಿನೊಳಗಿಂದ ನೋಡಿದಾಗ ಅವರಿಗೆ ಬೇರೆ ಯಾರ ಅಭಿಪ್ರಾಯವೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಮಾವನದು ಲೈಕಾ. ಅವರ ಬಾಲ್ಯದಲ್ಲಿ ಮೈಸೂರಿನ ಫೋಟೋ ಸ್ಟುಡಿಯೋದ ಯಜಮಾನರು ಲೈಕಾ ಕ್ಯಾಮೆರಾ ಎಂದರೆ ಚಪ್ಪಲಿ ಬಿಟ್ಟು ಮಾತಾಡುತ್ತಿದ್ದರಂತೆ. ಹೀಗೆ ಕಂಪನಿ ಮಾಡಿದ ಬೇರೆ ಸಾಮಾನನ್ನು ನಂಬಿ ದುರ್ಬೀನು ಆರಿಸುವ ಮೂವರ ನಡುವೆ, ಓದಿ ನೋಡುವ ಕೆಲಸ ಮಹತಿಯ ತಲೆಗೆ ಬಂತು. "ಮಾಸ್ಟರ್ಸ್ ಮಾಡಿದೀಯ, ಕೂತು ಓದಿ ಒಂದು ವರದಿ ಕೊಡು ಮಗು" ಎಂದರು ಮಾವ.

ಮೊದಲ ವರದಿ ಜೂಮ್ ಸಭೆಯಲ್ಲಿ ಮಂಡನೆಯಾಯಿತು. ಮಹತಿ ಓದಲಿಲ್ಲ, ಅವಳ ಹಾಳೆಯನ್ನು ಮಾವ ಓದಿದರು. ಉತ್ತಮ ದುರ್ಬೀನಿನ ಫೋಕಸ್ ಚಕ್ರ ತಿರುಗಿಸಿದಾಗ ಸದ್ದಾಗಬಾರದು ಎಂದಿತ್ತು. ಪಾಪ, ಊಟ ಮಾಡುವಾಗ ಅವು ಬೆದರಬಾರದಲ್ಲ ಎಂದು ನಾಗಮಣಿ ಆಂಟಿ ಮೆಚ್ಚಿದರು. ಗಾಜು ಬಿಸಿಲಿಗೆ ಮಿಂಚಬಾರದು ಎಂದಿತ್ತು. ಜಿಂಕೆಯ ಕಣ್ಣಿಗೆ ಚುಚ್ಚಬಾರದು ಎಂದು ಶ್ರೀಕಂಠಯ್ಯನವರು ವ್ಯಾಖ್ಯಾನಿಸಿದರು. ಸೂರ್ಯ ಮುಳುಗಿ ಬೆಳಕು ಆರುವ ಹೊತ್ತಿನಲ್ಲೂ ಕೊಂಬಿನ ಕವಲುಗಳನ್ನು ಎಣಿಸುವಂತಿರಬೇಕು ಎಂದಿತ್ತು. ಮುಸ್ಸಂಜೆಯಲ್ಲಿ ತಾಯಿಯಾದವಳು ಬಾಗಿಲಲ್ಲಿ ನಿಂತು ಮಕ್ಕಳೆಲ್ಲ ಬಂದರೇ ಎಂದು ತಲೆ ಎಣಿಸುವುದಿಲ್ಲವೇ, ಹಾಗೆ ಎಂದು ಮಾವ ಗದ್ಗದರಾದರು.

ಎರಡನೆಯ ವರದಿಗಾಗಿ ಮಹತಿ ಇನ್ನಷ್ಟು ಓದಲು ಕೂತಳು. ಮೂರು ಬ್ರಾಂಡುಗಳನ್ನೂ ಬೆಟ್ಟದ ಮೇಲೆ ಒಯ್ದು ತೂಗಿ ನೋಡಿದ ಒಬ್ಬ ಅನುಭವಿಯ ಬರಹ ಸಿಕ್ಕಿತು. ಯಾವುದು ಹಗುರ, ಯಾವುದರ ಅಂಚಿನಲ್ಲೂ ಚಿತ್ರ ಕದಡುವುದಿಲ್ಲ, ಯಾವುದು ಮಳೆಯಲ್ಲಿ ಮಬ್ಬಾಗುವುದಿಲ್ಲ ಎಂದು ಆತ ಅಚ್ಚುಕಟ್ಟಾಗಿ ಬರೆದಿದ್ದ. ಗಾಳಿಗೆದುರಾಗಿ ಹೊಟ್ಟೆಯ ಮೇಲೆ ತೆವಳುತ್ತ ಜಿಂಕೆಯ ಹತ್ತಿರ ಹೋಗುವ ಬಗೆಯನ್ನೂ ಬರೆದಿದ್ದ. ಎಷ್ಟು ವಿನಯ ಎಂದು ಮಹತಿಗೆ ಅನ್ನಿಸುತ್ತಿರುವಾಗಲೇ ಮುಂದಿನ ಸಾಲು ಬಂತು: ಯಾವ ಜಿಂಕೆ ಎಂದು ದುರ್ಬೀನು ಹೇಳುತ್ತದೆ, ಉಳಿದದ್ದು ಬಂದೂಕಿನ ಕೆಲಸ.

ಮಹತಿಗೆ ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂರು ಕಾಲಿನ ಪೀಪಾಯಿಯನ್ನು ನೆಟ್ಟಿನಲ್ಲಿ ಹುಡುಕಿದಳು. ಅದು ಬೇಟೆ ಸಾಮಾನಿನ ಅಂಗಡಿಯಲ್ಲಿ, ಚರ್ಮ ಸುಲಿಯುವ ಚಾಕುಗಳ ಪಕ್ಕದಲ್ಲೇ, ನಗುನಗುತ್ತ ನಿಂತಿತ್ತು. ಜೋಳ ಹಾಕಿ ಅಭ್ಯಾಸ ಮಾಡಿಸುವುದು, ಕೊಂಬು ಬಲಿಯಲೆಂದು ವರ್ಷಗಟ್ಟಲೆ ಕಾಯುವುದು, ಬೇಟೆಯ ಋತು ತೆರೆದ ಮೊದಲ ಶನಿವಾರ ಹೊಡೆಯುವುದು, ಎಲ್ಲ ವಿವರವಾಗಿ ಇತ್ತು. ಆ ಮೊದಲ ಶನಿವಾರ ಯಾವುದೆಂದು ನೋಡಿದಳು. ರಾಜ್ಯೋತ್ಸವದ ಶನಿವಾರವೇ.

ತುಂಬಿದ ಸಭೆಯಲ್ಲಿ ಮಾವ ಬೇಟೆಗಾರನೊಬ್ಬನನ್ನು ನಿಲ್ಲಿಸಿ 'ಮೃಗಬಂಧು' ಎಂದು ಪೇಟ ತೊಡಿಸುವುದು ಅವಳ ಕಣ್ಣ ಮುಂದೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕೆಂದರೂ ಸಾಕು. ಮಾವ ಮಾನಕ್ಕೆ ಅಂಜುವ ಮನುಷ್ಯ. ಅನ್ನಸಂತರ್ಪಣೆಯಲ್ಲಿ ಸಾಂಬಾರು ಚೆಲ್ಲಿದ್ದಕ್ಕೆ ಎರಡು ಹಬ್ಬ ಹೊರಗೆ ಬಾರದವರು. ಇನ್ನು ಆ ರಸೆಲ್, ತನ್ನನ್ನು ಕರೆಸಿ ಗೇಲಿ ಮಾಡಿದರೆಂದು ತಿಳಿದರೆ, ಸೋಮವಾರ ಆಫೀಸಿನಲ್ಲಿ ಮಾವನ ಗತಿ ಏನು. ಹೇಳಿಬಿಡಬೇಕು. ಇವತ್ತೇ.

ಅಷ್ಟರಲ್ಲಿ ಮಾವ ಬೆಳಗಿನ ಪೂಜೆ ಮುಗಿಸಿ ಬಂದರು. "ಮಾವ, ಜೈಸ್ ಬಗ್ಗೆ ಒಂದು ಕಡೆ ಓದಿದೆ, ಅದನ್ನ ಅವರು ಯಾತಕ್ಕೆ..." ಎಂದು ಮಹತಿ ಶುರು ಮಾಡಿದಳು.

"ಜೈಸಾ? ಲೈಕಾ ಬಿಟ್ಟು ಜೈಸ್ ಅಂತೀಯಾ?" ಮಾವನ ಮುಖ ಸಣ್ಣಗಾಯಿತು. "ಆಯ್ತು ಬಿಡು. ಓದಿದೋಳು ನೀನು."

ಮಧ್ಯಾಹ್ನದ ಹೊತ್ತಿಗೆ, ವೆಂಕಟರಮಣರ ಸೋದರಸೊಸೆ ಪ್ರಾಸ್ಪರ್ ಪಕ್ಷಕ್ಕೆ ಹಾರಿದಳೆಂಬ ಸುದ್ದಿ ಕಾಪೆಲ್ ತಲುಪಿತ್ತು. ನಾಗಮಣಿ ಆಂಟಿ ಫೋನು ಮಾಡಿ, ನಿನ್ನನ್ನು ಮಗಳ ಹಾಗೆ ಅಂದುಕೊಂಡಿದ್ದೆ ಎಂದು ಮೂಗು ಸುರ್ರೆಂದು ಎಳೆದುಕೊಂಡರು. ಇವರಿಗಾದರೂ ಹೇಳೋಣವೆಂದು ಮಹತಿ, "ಆಂಟಿ, ಸ್ವರೋವ್ಸ್ಕಿನೂ ಅದಕ್ಕೇನೇ..." ಎನ್ನುವಷ್ಟರಲ್ಲಿ, "ಅದಕ್ಕೇ ಅಲ್ವೇನಮ್ಮಾ ನಾನೂ ಹೇಳೋದು" ಎಂದು ಅವರು ಅವಳನ್ನು ಅಲ್ಲಿಂದಲೇ ಆಲಿಂಗಿಸಿದರು. ಸಂಜೆ ಶ್ರೀಕಂಠಯ್ಯನವರು ಮಾವನಿಗೆ ಫೋನು ಮಾಡಿ, ಇವತ್ತಿನ ಹುಡುಗರಿಗೆ ನಿಲುವೇ ಇಲ್ಲ ಎಂದು ಅರ್ಧ ಗಂಟೆ ಮರುಗಿದರು. ಕೊನೆಗೆ ಮಹತಿ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದು, ಮೂರೂ ಬೇಡ ಅತ್ತೆ ಎಂದಷ್ಟೇ ಅಂದಳು. ಹುಡುಗಿಗೆ ನಾಲ್ಕನೆಯದು ಯಾವುದೋ ಮನಸ್ಸಿಗೆ ಬಂದಿದೆ ಎಂದು ಅತ್ತೆ ಮಾವನಿಗೆ ವರದಿ ಮಾಡಿದರು. ಉಪಸಮಿತಿ ಬೆಚ್ಚಿಬಿತ್ತು.

ಓದಿದವರನ್ನು ನಂಬುವುದಕ್ಕಿಂತ ತಾವೇ ನೋಡುವುದು ಮೇಲೆಂದು ತೀರ್ಮಾನವಾಯಿತು. ನಮ್ಮವರಲ್ಲಿ ಇದಕ್ಕೊಂದು ರೂಢಿಯ ದಾರಿ ಇದೆ: ಮೂರನ್ನೂ ತರಿಸಿ, ಡಬ್ಬಿ ಹರಿಯದಂತೆ ಬಿಚ್ಚಿ, ನೋಡಿ, ಎರಡನ್ನು ಹಿಂದಿರುಗಿಸುವುದು. ಒಂದು ಭಾನುವಾರ ಸಂಜೆ ಮಾವನ ಹಿತ್ತಿಲಲ್ಲಿ ಉಪಸಮಿತಿ ನೆರೆಯಿತು. ಮೂರು ಡಬ್ಬಿಗಳಿಗೂ ಅತ್ತೆ ಕುಂಕುಮವಿಟ್ಟರು. ನೋಡುವುದಕ್ಕೆ ಜಿಂಕೆ ಬೇಕಲ್ಲ. ಹಿಂದಿನ ಬೀದಿಯ ಅಜ್ಜಿಯೊಬ್ಬರ ಹುಲ್ಲಿನ ಮೇಲೆ ಗಾರೆಯ ಜಿಂಕೆಯೊಂದು ನಿಂತಿತ್ತು. ಮೂವರೂ ಬೇಲಿಯ ಹಿಂದೆ ಸಾಲಾಗಿ ನಿಂತು ಅದರ ಕೊಂಬು ಎಣಿಸತೊಡಗಿದರು. ಸ್ವರೋವ್ಸ್ಕಿಯಲ್ಲಿ ಆರು ಕವಲು ಕಂಡವು. ಜೈಸಿನಲ್ಲೂ ಲೈಕಾದಲ್ಲೂ ಆರೇ. ಆರಕ್ಕೆ ಆರು, ಆದರೆ ನಮ್ಮ ಆರು ಹೆಚ್ಚು ಸ್ಪಷ್ಟ ಎಂದು ಜಗಳ ಹತ್ತಿತು. ಬೆಳಕು ಆರಿದ ಮೇಲೂ ನೋಡಬೇಕೆಂದು ವರದಿಯಲ್ಲೇ ಇತ್ತಾದ್ದರಿಂದ ಕತ್ತಲು ಕವಿಯುವವರೆಗೂ ಯಾರೂ ಕದಲಲಿಲ್ಲ. ಅಷ್ಟರಲ್ಲಿ ಆ ಅಜ್ಜಿ, ಮೂವರು ಅಪರಿಚಿತರು ಗಂಟೆಯಿಂದ ನನ್ನ ಮನೆಯನ್ನು ದುರ್ಬೀನಿನಲ್ಲಿ ನೋಡುತ್ತ ಏನೋ ಮಸಲತ್ತು ಮಾಡುತ್ತಿದ್ದಾರೆಂದು ಪೊಲೀಸರಿಗೆ ತಿಳಿಸಿಯಾಗಿತ್ತು.

ಪೊಲೀಸ್ ಅಧಿಕಾರಿ ಹಿತ್ತಿಲಿಗೆ ಕಾಲಿಟ್ಟಾಗ ಶ್ರೀಕಂಠಯ್ಯನವರು ಎರಡು ಕೈಯನ್ನೂ ಮೇಲೆತ್ತಿದರು, ಜೈಸ್ ಸಮೇತ. ಏನು ನೋಡುತ್ತಿದ್ದೀರಿ ಎಂದು ಅಧಿಕಾರಿ ಕೇಳಿದ. ಜಿಂಕೆ ನೋಡುತ್ತಿದ್ದೇವೆ ಎಂದರು ಮಾವ. ಅಧಿಕಾರಿ ಒಂದು ದುರ್ಬೀನು ಇಸಿದುಕೊಂಡು ಗಾರೆಯ ಜಿಂಕೆಯನ್ನು ಬಹಳ ಹೊತ್ತು ನೋಡಿದ. ಅವನ ಮುಖ ಅರಳಿತು. ಋತುವಿಗೆ ತಾಲೀಮು ತಾನೇ ಎಂದ. ತಾಲೀಮೇ ಎಂದರು ಮಾವ. ಆಮೇಲೆ ಆತ ಮೂರನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತ, ತನ್ನಪ್ಪ ಸಾಯುವ ತನಕ ಇದರಲ್ಲೊಂದು ಕೊಳ್ಳುವ ಆಸೆ ಇಟ್ಟುಕೊಂಡಿದ್ದನೆಂದು ಹೇಳಿ, ಯಾವ ಬಂದೂಕು ಎಂದು ಸಲುಗೆಯಿಂದ ವಿಚಾರಿಸಿದ.

ಪೊಲೀಸರ ಬಾಯಲ್ಲಿ ಬಂದೂಕಿನ ಹೆಸರು ಕೇಳಿ ಮಾವ ಹೌಹಾರಿದರು. ಬಂದೂಕು ಮುಟ್ಟಿದ ವಂಶವೇ ನಮ್ಮದಲ್ಲ ಎಂದು ಆಣೆ ಇಟ್ಟರು. ಹಾಗಾದರೆ ಬಿಲ್ಲು ಬಾಣವೇ ಎಂದು ಅಧಿಕಾರಿ ಕಣ್ಣರಳಿಸಿದ. ಇದು ಇಂಡಿಯಾದ ಮೇಲಿನ ತಮಾಷೆ ಎಂದು ತಿಳಿದು ಮಾವ, ನಮ್ಮ ಹಿರಿಯರು ಬಳಸುತ್ತಿದ್ದದ್ದು ಅದನ್ನೇ ಎಂದು ನಕ್ಕರು. ಅಧಿಕಾರಿ ಟೋಪಿ ತೆಗೆದ. ಮಲ್ಲಿಗೆ ಕುಂಡದ ಹಿಂದೆ ನಿಂತಿದ್ದ ಮಹತಿ ಈಗಲಾದರೂ ಹೇಳಬೇಕೆಂದು ಒಂದು ಹೆಜ್ಜೆ ಮುಂದೆ ಬಂದಳು. ಹೆದರಬೇಡಿ ಅಮ್ಮಾ, ನಿಮ್ಮವರ ಮೇಲೆ ಕೇಸೇನೂ ಇಲ್ಲ ಎಂದು ಆತ ಅವಳಿಗೆ ಅಭಯ ಕೊಟ್ಟು, ಯಾವುದು ಮೇಲು ಎಂಬ ಪ್ರಶ್ನೆಗೆ ಮೂರೂ ಒಂದೇ ಎಂಬ ಉತ್ತರ ಕೊಟ್ಟು, ಅತ್ತೆ ಕೊಟ್ಟ ಚಕ್ಕುಲಿ ಕಡಿಯುತ್ತ ಹೊರಟುಹೋದ. ಮೂರೂ ಒಂದೇ ಎಂಬ ಮಾತನ್ನು ಉಪಸಮಿತಿ ತೀವ್ರವಾಗಿ ಖಂಡಿಸಿತು. ಕೊನೆಗೆ ದೇವರ ಮುಂದೆ ಚೀಟಿ ಹಾಕಿ, ಅತ್ತೆ ಕಣ್ಣು ಮುಚ್ಚಿ ಎತ್ತಿದರು. ಸ್ವರೋವ್ಸ್ಕಿ ಬಂತು. ನಾಗಮಣಿ ಆಂಟಿ ಓಲೆ ಮುಟ್ಟಿ ನೋಡಿಕೊಂಡರು.

ಆ ವಾರ ರಸೆಲ್ ಒಂದು ಬಾಂಬು ಹಾಕಿದರು. ಆ ಶನಿವಾರ ತಾನು ಎಲ್ಲಿಗೂ ಬರುವಂತಿಲ್ಲ; ವರ್ಷವೆಲ್ಲ ಕಾದದ್ದು ಆ ದಿನಕ್ಕೆ; ಬೆಳಿಗ್ಗೆಯೇ ಜಮೀನಿನಲ್ಲಿರಬೇಕು; ಬೇಕಿದ್ದರೆ ನೀವೇ ಬನ್ನಿ, ಸದ್ದು ಮಾತ್ರ ಮಾಡಬೇಡಿ ಎಂದರಂತೆ. ಇದು ದೇವರೇ ತೆರೆದ ಬಾಗಿಲೆಂದು ಮಹತಿಯ ಎದೆ ಹಗುರಾಯಿತು. ಆದರೆ ಮಾವ ಅದನ್ನು ಬೇರೆ ಬಾಗಿಲಿನಿಂದ ನೋಡಿದರು. "ಕೇಳಿದ್ಯಾ ಮಹತಿ, ಪ್ರಶಸ್ತಿಗಿಂತ ಜಿಂಕೆ ಹೆಚ್ಚು ಅಂದ್ರು. ಇಂಥೋರನ್ನ ನಾವು ವೇದಿಕೆಗೆ ಕರೀಬಾರ್ದು. ವೇದಿಕೆನೇ ಅವರ ಹತ್ರ ಹೋಗ್ಬೇಕು."

ಹೀಗಾಗಿ ಶನಿವಾರ ನಸುಕಿನಲ್ಲೇ ಎರಡು ವ್ಯಾನು ಹೊರಟವು; ರಾಜ್ಯೋತ್ಸವ ಹೇಗೂ ಸಂಜೆಗೆ. ಕಾಪೆಲ್ ಮತ್ತು ಪ್ರಾಸ್ಪರಿನವರು ಹಿಂದಿನ ದಿನವೇ ಬಂದು ತಂಗಿದ್ದರು. ಪೇಟ, ಶಾಲು, ಹಣ್ಣಿನ ಬುಟ್ಟಿ, ದುರ್ಬೀನು, ಐಸ್ ಪೆಟ್ಟಿಗೆಯ ತುಂಬ ಪುಳಿಯೋಗರೆ, ಕೋಸಂಬರಿ, ಮಜ್ಜಿಗೆ. ಸನ್ಮಾನ ಪತ್ರ ಮಹತಿಯ ಮಡಿಲಲ್ಲಿ. ಬರೆದವಳೂ ಅವಳೇ, ಓದಬೇಕಾದವಳೂ ಅವಳೇ. 'ಜಿಂಕೆಗಳ ಚಲನವಲನವನ್ನು ಸದಾ ಗಮನಿಸುವ, ಅವುಗಳ ಬರವಿಗಾಗಿ ತಾಳ್ಮೆಯಿಂದ ಕಾಯುವ, ಅವುಗಳ ಮೇಲಿಟ್ಟ ಕಣ್ಣನ್ನು ಕದಲಿಸದ' ಎಂದೆಲ್ಲ ಬರೆದಿದ್ದಳು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅವಳನ್ನು ಹೆಚ್ಚು ಹೆದರಿಸಿದ್ದು ಅದೇ.

ಜಮೀನಿಗೆ ಹೋಗುವ ಮಣ್ಣುದಾರಿಯಲ್ಲಿ ವನ್ಯಜೀವಿ ಇಲಾಖೆಯ ಅಧಿಕಾರಿಣಿಯೊಬ್ಬಳು ಕೈ ಅಡ್ಡ ಮಾಡಿ ನಿಲ್ಲಿಸಿದಳು. ಅವಳ ತೋಳಿನ ಪಟ್ಟಿ ನೋಡಿ ಮಾವ ಪುಳಕಿತರಾದರು. ರಸೆಲ್ಲರ ಜಿಂಕೆಗಳಿಗೆ ಸರ್ಕಾರವೇ ಕಾವಲು ಹಾಕಿದೆಯಲ್ಲ. ಅವಳು ಐಸ್ ಪೆಟ್ಟಿಗೆ ತೆಗೆಸಿದಳು. ಮಾಂಸ ಇರಬೇಕಾದ ಜಾಗದಲ್ಲಿದ್ದ ಪುಳಿಯೋಗರೆಯನ್ನು ಟಾರ್ಚು ಹಾಕಿ ನೋಡಿದಳು, ಕೋಸಂಬರಿಯ ಮುಚ್ಚಳ ತೆಗೆದು ಮೂಸಿದಳು, ಮತ್ತೆ ಇವರೆಲ್ಲರ ಮುಖ ನೋಡಿದಳು. ಇಷ್ಟೂ ಜನ ರಸೆಲ್ ಜೊತೆಗೋ ಎಂದು ಕೇಳಿದಳು. ನಾವೆಲ್ಲ ಅವರ ಅಭಿಮಾನಿಗಳು ಎಂದರು ಶ್ರೀಕಂಠಯ್ಯನವರು. ಅವಳ ನೋಟ ನಾಗಮಣಿ ಆಂಟಿಯ ಕೆಂಡದಂಥ ಕಿತ್ತಳೆ ರೇಷ್ಮೆ ಸೀರೆಯ ಮೇಲೆ ನಿಂತಿತು. ಗುಂಡು ತಪ್ಪಿ ತಗುಲದಿರಲೆಂದು ಬೇಟೆಗಾರರು ತೊಡುವ ಬಣ್ಣ ಅದು. ಈ ಜಾಗಕ್ಕೆ ಬರುವಾಗ ಎಲ್ಲರೂ ಇದೇ ಬಣ್ಣ ಹಾಕಿಕೊಂಡರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತದೆ ಎಂದು ಹೊಗಳಿ ಬಿಟ್ಟಳು. ಕಂಚಿಯಿಂದ ತರಿಸಿದ್ದು ಎಂದರು ಆಂಟಿ.

ಬಯಲಿನ ಅಂಚಿನಲ್ಲಿ ಮರದ ಅಟ್ಟಣೆ. ರಸೆಲ್ ಅದರ ಏಣಿಯಿಳಿದು ಬಂದರು. ಎಲೆ ಬಳ್ಳಿಯ ಚಿತ್ತಾರದ ಅಂಗಿ, ಮುಖಕ್ಕೆಲ್ಲ ಮಸಿ. ನಾಗಮಣಿ ಆಂಟಿ ಗಕ್ಕನೆ ನಿಂತರು. ದಾನ ಮಾಡುವವನು ದಾನ ಪಡೆಯುವವರಿಗೆ ಮುಖ ತೋರಿಸಬಾರದು, ಅದು ದೊಡ್ಡವರ ಲಕ್ಷಣ ಎಂದು ಶ್ರೀಕಂಠಯ್ಯನವರು ಪಿಸುದನಿಯಲ್ಲಿ ವಿವರಿಸಿದರು. ಎಲ್ಲರೂ ಒಬ್ಬರ ಹಿಂದೊಬ್ಬರು ಅಟ್ಟಣೆ ಹತ್ತಿದರು. ಅತ್ತೆ ಹಣ್ಣಿನ ಬುಟ್ಟಿ ಕೊಟ್ಟರು. ಶಾಲು ಹೊದಿಸಲಾಯಿತು. ಎಲೆ ಬಳ್ಳಿಯ ಮೇಲೆ ಜರಿಯಂಚು, ಮಸಿಯ ಮೇಲೆ ಮೈಸೂರು ಪೇಟ. ದುರ್ಬೀನಿನ ಡಬ್ಬಿ ಬಿಚ್ಚಿದಾಗ ಮಾತ್ರ ಆ ಎತ್ತರದ ಮನುಷ್ಯ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ಯಾರೂ ನನಗೆ ಇಷ್ಟು ಮಾಡಿಲ್ಲ ಎಂದು ಪಿಸುಗುಟ್ಟಿದರು. ಅದು ನಿಜವಾಗಿಯೂ ಮನಸ್ಸಿನಿಂದ ಬಂದ ಮಾತೆಂದು ಮಹತಿಗೆ ತಿಳಿಯಿತು.

ಅಷ್ಟರಲ್ಲಿ ದೂರದ ಪೀಪಾಯಿ ಗರ್ರೆಂದಿತು. ಜೋಳ ಚೆಲ್ಲಿತು. ಮರಗಳ ನೆರಳಿನಿಂದ ಒಂದು, ಎರಡು, ಹಿಂಡು ಹಿಂಡಾಗಿ ಜಿಂಕೆಗಳು ಬಂದವು. ಎಲ್ಲಕ್ಕಿಂತ ಕೊನೆಗೆ, ಅವಸರವಿಲ್ಲದೆ, ಆ ದೊಡ್ಡ ಕೊಂಬಿನದು. ರಸೆಲ್ ಹೊಸ ದುರ್ಬೀನನ್ನು ಮಾವನ ಕೈಗೇ ಮೊದಲು ಕೊಟ್ಟರು. ಮಾವ ಕಣ್ಣಿಗಿಟ್ಟುಕೊಂಡರು. "ರೆಪ್ಪೆ ಕಾಣ್ತದೆ ಕಣೇ ತುಳಸಿ" ಎಂದರು. ಆಮೇಲೆ ದುರ್ಬೀನು ಕೊರಳಿಗೆ ಬಿಟ್ಟು, ಅಷ್ಟು ದೂರದ ಆ ಪ್ರಾಣಿಗೆ ಕೈ ಮುಗಿದರು.

ರಸೆಲ್ ಆ ಮುಗಿದ ಕೈಗಳನ್ನು ನೋಡಿದರು. ಏನೋ ನಿರ್ಧಾರ ಮಾಡಿದವರಂತೆ ಮೂಲೆಯ ಕಂಬಳಿ ಸರಿಸಿ, ಉದ್ದನೆಯ ಬಂದೂಕೊಂದನ್ನು ಎತ್ತಿ, ಮಗುವನ್ನು ಕೊಡುವಂತೆ ಮಾವನ ತೋಳುಗಳ ಮೇಲೆ ಮಲಗಿಸಿದರು.

"ನೀವು ನನಗೆ ಈ ದುರ್ಬೀನು ಕೊಟ್ಟಿರಿ. ಇಷ್ಟು ವರ್ಷ ಅವನನ್ನು ನನಗಾಗಿ ಉಳಿಸಿಕೊಂಡಿದ್ದೆ. ಇವತ್ತು ಅವನು ನಿಮ್ಮವನು."

ತುಳಸಿ ಅತ್ತೆಯ ಕೈ ತಾಳಿಗೆ ಹೋಯಿತು. ನಾಗಮಣಿ ಆಂಟಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವರ ಬಾಯಿಂದ ಶಬ್ದ ಬಾರದೆ ಇದ್ದದ್ದು ಬಳಗದ ಚರಿತ್ರೆಯಲ್ಲೇ ಮೊದಲು. ಮೊದಲು ಸಾವರಿಸಿಕೊಂಡವರು ಶ್ರೀಕಂಠಯ್ಯನವರು. ಅಧ್ಯಕ್ಷರಲ್ಲವೇ. "ಫೋಟೋಗೆ ಇರ್ಬೇಕು. ಹಿಡ್ಕೊಂಡಿರಿ ವೆಂಕಟರಮಣ, ಫೋಟೋಗೆ ಮಾತ್ರ" ಎಂದು ತೊದಲಿದರು. ಬೆದರಿಸಿ ಓಡಿಸುವುದಕ್ಕಿರಬಹುದು, ಸದ್ದಿನದು ಎಂದು ಆಂಟಿ ಧ್ವನಿ ಹುಡುಕಿಕೊಂಡರು. ಬೇಡ ಅಂದರೆ ಮ್ಯಾನೇಜರು ಬೇಜಾರು ಮಾಡಿಕೊಂಡಾರು, ಒಂದು ಸಲ ಮರದ ಕಡೆಗೆ ಹಾರಿಸಿಬಿಡಿ ಎಂದೂ ಯಾರೋ ಅಂದರು. ಇದೆಲ್ಲವೂ ಪಿಸುಮಾತಿನಲ್ಲಿ, ರಸೆಲ್ಲರತ್ತ ನಗುತ್ತ.

ಮಾವನಿಗೆ ಯಾವುದೂ ಕೇಳಿಸಿದಂತಿರಲಿಲ್ಲ. ಅವರ ಮುಖ ಸುಣ್ಣವಾಗಿತ್ತು. ಅವರು ಒಮ್ಮೆ ಬಯಲಿನಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದ ಪ್ರಾಣಿಯನ್ನು, ಒಮ್ಮೆ ಪೀಪಾಯಿಯನ್ನು, ಒಮ್ಮೆ ಪೇಟದ ಕೆಳಗಿನ ಮಸಿ ಮುಖವನ್ನು ನೋಡಿದರು. ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುವವರಂತೆ.

ರಸೆಲ್ ಗಾಬರಿಯಿಂದ ಮಹತಿಯತ್ತ ಬಾಗಿ, ನಿನ್ನ ಮಾವ ಹುಷಾರಾಗಿದ್ದಾರೆಯೇ ಎಂದು ಪಿಸುಗುಟ್ಟಿದರು. ಸಂತೋಷ, ಬಹಳ ಸಂತೋಷ ಎಂದು ಶ್ರೀಕಂಠಯ್ಯನವರು ಅವಳ ಪರವಾಗಿ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದರು. ಮಹತಿ ಅವರ ತೋಳಿನ ಮೇಲೆ ಕೈಯಿಟ್ಟು ಅವರನ್ನು ಪಕ್ಕಕ್ಕೆ ಸರಿಸಿದಳು. ಅವಳ ಇಂಗ್ಲಿಷಿನಲ್ಲಿ ಪಿಸುಮಾತಿನ ಸೋಂಕೇ ಇರಲಿಲ್ಲ. ಮೊದಲ ಪದಕ್ಕೆ ಬಯಲಿನ ತಲೆಗಳೆಲ್ಲ ಎದ್ದವು. ಮುಂದಿನದಕ್ಕೆ ಬಿಳಿ ಬಾಲಗಳು ಎದ್ದವು. ದೊಡ್ಡ ಕೊಂಬಿನದು ಬೇಲಿಯನ್ನು ನೆಗೆದು ಮರಗಳೊಳಗೆ ಕರಗುವಾಗ, ಅಟ್ಟಣೆಯವರೆಲ್ಲ ಅದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಅವಳು ಮಾತು ನಿಲ್ಲಿಸಲಿಲ್ಲ.

"ರಸೆಲ್, ನೀವು ಅವಕ್ಕೆ ಜೋಳ ಹಾಕೋದು ಪ್ರೀತಿಯಿಂದ ಅಂತ ನಮ್ಮ ಮಾವ ನಂಬಿದ್ರು."